ಹವೆಯನ್ನು ಅಳೆಯುವ ಉಪಕರಣಗಳೂ ನಮ್ಮ ಶಾಲೆಯ ಮಳೆಪುಸ್ತಕವೂ

ನಮ್ಮ ಶಾಲೆಯಲ್ಲಿ ಓದಿ ಹೋದವರಿಗೆಲ್ಲ ಬಾವಿಕಟ್ಟೆಗೂ ಆಟದ ಬಯಲಿಗೂ ನಡುವೆ, ತಂತಿಬೇಲಿಯೊಳಗೆ ನಾಲ್ಕು ಕಾಲುಗಳ ಮೇಲೆ ನಿಂತಿರುವ ಬಿಳಿಯ ಮರದ ಪೆಟ್ಟಿಗೆಯು ನೆನಪಿರಬಹುದು. ಅದರ ಮಗ್ಗುಲಲ್ಲಿ ನೆಲದೊಳಗೆ ಅರ್ಧ ಹೂತಿರುವ ಮಳೆಮಾಪಕವೂ ಇರುವುದು. ಪ್ರತಿದಿನ ಬೆಳಗ್ಗೆ ೮-೩೦ ಗಂಟೆಗೆ ಇಬ್ಬರು ವಿದ್ಯಾರ್ಥಿನಿಯರು ಅಲ್ಲಿಗೆ ಹೋಗಿ, ಕಂಡ ಅಂಕೆಗಳನ್ನು ಪುಸ್ತಕದಲ್ಲಿ ಬರೆದು ಬರುವ ಪದ್ಧತಿಯು ಇಂದಿಗೂ ನಡೆದು ಬಂದಿದೆ.

ಕಳೆದ ಜೂನ್ ತಿಂಗಳಲ್ಲಿ, ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದ ತಂದೆಯೊಬ್ಬರು ಈ ಬೇಲಿಯ ಬಳಿಯಲ್ಲಿ ಬಹಳ ಹೊತ್ತು ನಿಂತು ನೋಡುತ್ತಿದ್ದರು. ಅವರು ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವರು. ಮಳೆಗಾಲದ ನಿಷೇಧವಿದ್ದುದರಿಂದ ಬೋಟು ದಡದಲ್ಲಿತ್ತು. ಅವರು ನಮ್ಮನ್ನು ಕಂಡು, “ಟೀಚರೇ, ಮಳೆ ಗಾಳಿಯ ಸಂಗತಿಯೆಲ್ಲ ಈಗ ಮೊಬೈಲಿನಲ್ಲಿಯೇ ಬರುತ್ತದೆ. ಹೀಗಿರುವಾಗ ಈ ಮಕ್ಕಳು ದಿನಾಲೂ ಆ ಡಬ್ಬಿಯೊಳಗೆ ಇಣಿಕಿ ನೋಡುವುದು ಏತಕ್ಕೆ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಪರಿಹಾಸ್ಯವಿರಲಿಲ್ಲ; ತಿಳಿಯುವ ಇಚ್ಛೆಯೇ ಇತ್ತು. ಆ ಹೊತ್ತು ಕಚೇರಿಯಲ್ಲಿ ಜನರು ಕಾದಿದ್ದುದರಿಂದ ನಾವು ಎರಡು ಮಾತಿನ ಉತ್ತರವನ್ನು ಕೊಟ್ಟು ಕಳುಹಿಸಿದೆವು. ಅದು ಅವರಿಗೆ ಸಾಕಾಯಿತೋ ಇಲ್ಲವೋ, ನಮಗಂತೂ ಸಾಲಲಿಲ್ಲ. ಅದೇ ಪ್ರಶ್ನೆ ಬೇರೆ ಪೋಷಕರ ಮನಸ್ಸಿನಲ್ಲಿಯೂ ಇರಬಹುದೆಂದು ತೋರಿದ್ದರಿಂದ, ಈ ಸಂಚಿಕೆಯಲ್ಲಿ ಅದಕ್ಕೆ ವಿವರವಾದ ಉತ್ತರವನ್ನು ಬರೆಯಲು ಮುಂದಾಗಿದ್ದೇವೆ.

ಹಿರಿಯರ ಲಕ್ಷಣಗಳೂ ಉಪಕರಣದ ಅಂಕೆಯೂ

ಉಪಕರಣಗಳು ಬರುವ ಮೊದಲು ಜನರು ಹವೆಯನ್ನು ಅರಿಯದೆ ಇದ್ದರೆಂದು ತಿಳಿಯಬಾರದು. ಇರುವೆಗಳು ಮೊಟ್ಟೆಗಳನ್ನು ಹೊತ್ತು ಮೇಲಕ್ಕೆ ಸಾಗುವುದನ್ನು ಕಂಡು ಮಳೆ ಹತ್ತಿರವಿದೆಯೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಚಂದ್ರನ ಸುತ್ತಲೂ ಬಳೆಯಂತೆ ಕಾಣುವ ಪರಿವೇಷವನ್ನು ನೋಡಿ ಹವೆ ಬದಲಾಗುವುದೆಂದು ಊಹಿಸುತ್ತಿದ್ದರು. ರೈತರು ವರ್ಷದ ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ವಿಂಗಡಿಸಿ, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬಂಥ ಗಾದೆಗಳಲ್ಲಿ ಅನೇಕ ತಲೆಮಾರುಗಳ ಅನುಭವವನ್ನು ಕೂಡಿಸಿಟ್ಟರು. ಮೀನುಗಾರರು ಅಲೆಯ ಏರಿಳಿತವನ್ನೂ ನೀರಿನ ಬಣ್ಣವನ್ನೂ ಕಂಡು ದೋಣಿಯನ್ನು ಇಳಿಸುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದರು. ಇವುಗಳಲ್ಲಿ ಕೆಲವು ಲಕ್ಷಣಗಳಿಗೆ ಶಾಸ್ತ್ರದ ಆಧಾರವೂ ಉಂಟು. ಪರಿವೇಷವು ಬಹಳ ಎತ್ತರದ ತೆಳುಮೋಡಗಳಲ್ಲಿರುವ ಮಂಜಿನ ಹರಳುಗಳಿಂದ ಆಗುವುದು. ಅಂಥ ಮೋಡಗಳು ಕೆಲವೊಮ್ಮೆ ಮಳೆಯ ಮೋಡಗಳಿಗಿಂತ ಮುಂದಾಗಿ ಬರುತ್ತವೆ.

ಆದರೆ ಇಂಥ ತಿಳಿವಿಗೆ ಒಂದು ಕೊರತೆಯಿತ್ತು. ಅದು ಕಂಡವನ ಬಳಿಯಲ್ಲಿಯೇ ಉಳಿಯುವುದು. ಒಬ್ಬರಿಗೆ ‘ಜೋರು ಮಳೆ’ಯಾದುದು ಇನ್ನೊಬ್ಬರಿಗೆ ‘ಸಾಧಾರಣ ಮಳೆ’. ಮಂಗಳೂರಿನವರು ಸೆಕೆಯೆಂದು ಹೇಳುವುದು ಬೇರೆ, ರಾಯಚೂರಿನವರು ಹೇಳುವುದು ಬೇರೆ. ಇಬ್ಬರ ಮಾತನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಲು ಸಾಧ್ಯವಿಲ್ಲ. ಉಪಕರಣವು ಮಾಡಿದ ದೊಡ್ಡ ಉಪಕಾರವು ಇದೇ: ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರು ದೂರದ ಊರುಗಳಲ್ಲಿ ಕುಳಿತು ಒಂದೇ ಭಾಷೆಯಲ್ಲಿ ಮಾತನಾಡುವಂತೆ ಅದು ಮಾಡಿತು. ಆ ಭಾಷೆಯೇ ಅಂಕೆ.

ಮಳೆಮಾಪಕ

ಉಪಕರಣಗಳಲ್ಲೆಲ್ಲ ಅತಿ ಸರಳವಾದುದು ಮಳೆಮಾಪಕ. ಅತಿ ಹಳೆಯವುಗಳಲ್ಲಿ ಒಂದೂ ಅದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಮುಂದೆ ಸುಮಾರು ಒಂದು ಮೊಳ ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಕೊರಿಯಾ ದೇಶದಲ್ಲಿ ಸೆಜೊಂಗ್ ಅರಸನ ಕಾಲದಲ್ಲಿ, ೧೪೪೧ರ ಸುಮಾರಿನಲ್ಲಿ, ಒಂದೇ ಅಳತೆಯ ಪಾತ್ರೆಗಳನ್ನು ಮಾಡಿಸಿ ಊರೂರುಗಳಿಗೆ ಹಂಚಿದರು. ಇಲ್ಲಿ ‘ಒಂದೇ ಅಳತೆಯ’ ಎಂಬ ಮಾತನ್ನು ವಾಚಕರು ಮರೆಯದಿರಬೇಕು. ಮುಂದೆ ಅದರ ವಿಷಯವಾಗಿ ಹೇಳಲಿಕ್ಕಿದೆ.

ನಮ್ಮ ಶಾಲೆಯಲ್ಲಿರುವುದು ಸೈಮನ್ಸ್ ಎಂಬವರ ಹೆಸರಿನ ಮಾದರಿ. ಅದರ ಬಾಯಿಯ ಅಡ್ಡಳತೆ ೧೨೭ ಮಿಲಿಮೀಟರು, ಅಂದರೆ ಐದು ಅಂಗುಲ. ಅಂಚು ನೆಲದಿಂದ ೩೦ ಸೆಂಟಿಮೀಟರು ಎತ್ತರದಲ್ಲಿರಬೇಕು. ಇನ್ನೂ ತಗ್ಗಿದ್ದರೆ ನೆಲಕ್ಕೆ ಬಿದ್ದ ಹನಿಗಳು ಸಿಡಿದು ಒಳಕ್ಕೆ ಬೀಳುವುವು, ಬಹಳ ಎತ್ತರವಿದ್ದರೆ ಗಾಳಿಯು ಹನಿಗಳನ್ನು ಆಚೆಗೆ ಕೊಂಡೊಯ್ಯುವುದು. ಬಿದ್ದ ನೀರು ಆಲಿಕೆಯ ಮೂಲಕ ಒಳಗಿನ ಶೀಸೆಗೆ ಇಳಿಯುತ್ತದೆ. ಆಲಿಕೆಯ ಕೊರಳು ಸಣ್ಣದಾದುದರಿಂದ ನೀರು ಆವಿಯಾಗಿ ಹೋಗುವುದು ಕಡಿಮೆ. ಬೆಳಗ್ಗೆ ಆ ನೀರನ್ನು ಅಳತೆಯ ಗಾಜಿನ ಪಾತ್ರೆಗೆ ಹೊಯ್ದು, ನೀರಿನ ಮಟ್ಟಕ್ಕೆ ಕಣ್ಣನ್ನು ಸರಿಯಾಗಿಟ್ಟು ಅಂಕೆಯನ್ನು ಓದಬೇಕು. ಭಾರತದಲ್ಲೆಲ್ಲ ಬೆಳಗ್ಗೆ ೮-೩೦ಕ್ಕೆ ಅಳೆದ ನೀರನ್ನು ಅದಕ್ಕೆ ಹಿಂದಿನ ೨೪ ತಾಸುಗಳ ಮಳೆಯೆಂದು ಎಣಿಸುತ್ತಾರೆ.

‘೫೦ ಮಿಲಿಮೀಟರು ಮಳೆ’ ಎಂದರೆ ಏನು? ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನಿಂತಲ್ಲಿಯೇ ನಿಂತರೆ ನೆಲದ ಮೇಲೆ ೫೦ ಮಿಲಿಮೀಟರು ಆಳ ನೀರು ನಿಲ್ಲುವುದೆಂದರ್ಥ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ಆದುದರಿಂದ ೧೦೦ ಚದರ ಮೀಟರಿನ ಮಾಡಿನ ಮೇಲೆ ೫೦ ಮಿಲಿಮೀಟರು ಮಳೆ ಸುರಿದರೆ ೫,೦೦೦ ಲೀಟರು ನೀರು ಅಂಗಳಕ್ಕೆ ಇಳಿಯಿತೆಂದಾಯಿತು. ಏಪ್ರಿಲ್ ತಿಂಗಳಲ್ಲಿ ಬಾವಿ ಬತ್ತಿತೆಂದು ದುಃಖಿಸುವ ನಾವು ಈ ಲೆಕ್ಕವನ್ನು ಮಕ್ಕಳಿಂದ ಒಮ್ಮೆ ಮಾಡಿಸಿ ನೋಡುವುದು ಒಳ್ಳೆಯದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬರುವುದು. ಘಟ್ಟದಾಚೆಯ ಬಯಲುಸೀಮೆಯಲ್ಲಿ ೬೦೦ ಮಿಲಿಮೀಟರನ್ನು ಮುಟ್ಟುವುದೂ ಕಷ್ಟವಾದ ಊರುಗಳು ಎಷ್ಟೋ ಇವೆ. ವಾರ್ತೆಗಳಲ್ಲಿ ಕೇಳುವ ಮಾತುಗಳಿಗೂ ನಿಶ್ಚಿತವಾದ ಅಳತೆಗಳುಂಟು. ಭಾರತ ಹವಾಮಾನ ಇಲಾಖೆಯವರು ಒಂದು ದಿನದಲ್ಲಿ ೬೪.೫ ಮಿಲಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟುದನ್ನು ‘ಭಾರಿ ಮಳೆ’ ಎಂದೂ ೧೧೫.೬ರಿಂದ ಮುಂದಕ್ಕೆ ‘ಅತಿ ಭಾರಿ’ ಎಂದೂ ೨೦೪.೫ರಿಂದ ಮುಂದಕ್ಕೆ ‘ಅತ್ಯಂತ ಭಾರಿ’ ಎಂದೂ ಕರೆಯುತ್ತಾರೆ.

ಬಿಳಿಯ ಪೆಟ್ಟಿಗೆ

ಇನ್ನು ಬಿಳಿಯ ಪೆಟ್ಟಿಗೆಯ ಕಡೆಗೆ ಬರೋಣ. ಇದನ್ನು ಕಲ್ಪಿಸಿದವರು ಸ್ಕಾಟ್ಲೆಂಡಿನ ದೀಪಸ್ತಂಭಗಳ ಇಂಜಿನಿಯರರಾಗಿದ್ದ ಥಾಮಸ್ ಸ್ಟೀವನ್ಸನ್. ಮಕ್ಕಳಿಗೆ ಪ್ರಿಯವಾದ ‘ಟ್ರೆಷರ್ ಐಲೆಂಡ್’ ಕಥೆಯನ್ನು ಬರೆದ ಗ್ರಂಥಕರ್ತರ ತಂದೆ ಇವರೇ. ಉಷ್ಣಮಾಪಕವನ್ನು ಬಿಸಿಲಿನಲ್ಲಿಟ್ಟರೆ ಅದು ಗಾಳಿಯ ಉಷ್ಣತೆಯನ್ನು ತೋರಿಸದೆ ತನ್ನ ಗಾಜು ಕಾದ ಉಷ್ಣತೆಯನ್ನು ತೋರಿಸುವುದು. ಗೋಡೆಗೆ ತೂಗುಹಾಕಿದರೆ ಗೋಡೆಯ ಬಿಸಿಯನ್ನು ಹೇಳುವುದು. ಆದಕಾರಣ ಬಿಸಿಲು ತಾಗದಂತೆಯೂ ಗಾಳಿ ಮಾತ್ರ ಸರಾಗವಾಗಿ ಆಡುವಂತೆಯೂ ನಾಲ್ಕು ಪಕ್ಕಗಳಿಗೆ ಓರೆಯಾದ ಪಟ್ಟಿಗಳನ್ನು ಜೋಡಿಸಿದ್ದಾರೆ. ಬಿಳಿಯ ಬಣ್ಣವು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ನಮ್ಮ ದೇಶದಲ್ಲಿ ಬಾಗಿಲು ಉತ್ತರಕ್ಕಿರುವುದೂ ಓದುವಾಗ ಬಿಸಿಲು ಒಳಬೀಳಬಾರದೆಂದೇ.

ಇದರೊಳಗೆ ನಾಲ್ಕು ಉಷ್ಣಮಾಪಕಗಳಿರುವುದು ವಾಡಿಕೆ. ಒಂದು ದಿನದ ಅತಿ ಹೆಚ್ಚಿನ ಉಷ್ಣತೆಯನ್ನೂ ಇನ್ನೊಂದು ಅತಿ ಕಡಿಮೆಯದನ್ನೂ ತೋರಿಸುವುದು. ಉಳಿದ ಎರಡರಲ್ಲಿ ಒಂದರ ಬುರುಡೆ ಒಣಗಿರುತ್ತದೆ. ಮತ್ತೊಂದರ ಬುರುಡೆಗೆ ತೆಳುವಾದ ಬಟ್ಟೆಯನ್ನು ಸುತ್ತಿ, ಬತ್ತಿಯ ಮೂಲಕ ನೀರೇರುವಂತೆ ಮಾಡಿ ಯಾವಾಗಲೂ ಒದ್ದೆಯಾಗಿಟ್ಟಿರುತ್ತಾರೆ. ಮಣ್ಣಿನ ಹೂಜಿಯ ನೀರು ಹೇಗೆ ತಣ್ಣಗಾಗುವುದೋ ಹಾಗೆಯೇ ಈ ಒದ್ದೆ ಬುರುಡೆಯೂ ನೀರು ಆರುವುದರಿಂದ ತಣ್ಣಗಾಗುತ್ತದೆ. ಗಾಳಿ ಒಣಗಿದ್ದರೆ ನೀರು ಬೇಗ ಆರಿ, ಎರಡು ಅಂಕೆಗಳ ಅಂತರ ಹೆಚ್ಚುವುದು. ಗಾಳಿಯಲ್ಲಿ ತೇವ ತುಂಬಿದ್ದರೆ ಅಂತರವೇ ಇಲ್ಲವೆಂಬಷ್ಟು ಕಡಿಮೆಯಾಗುವುದು. ಈ ಅಂತರದಿಂದ ಆರ್ದ್ರತೆಯನ್ನು ಲೆಕ್ಕಹಾಕುತ್ತಾರೆ. ಮಳೆಗಾಲದಲ್ಲಿ ಬಟ್ಟೆಗಳು ಮೂರು ದಿನವಾದರೂ ಒಣಗದೆ ಇರುವುದೇಕೆಂದು ಕೇಳುವ ಹುಡುಗಿಯನ್ನು ನಾವು ಈ ಪೆಟ್ಟಿಗೆಯ ಬಳಿಗೆ ಕಳುಹಿಸುತ್ತೇವೆ.

ಹಿಂದೆ ಇಲ್ಲಿದ್ದುದು ಪಾದರಸದ ಕೊಳವೆಗಳು. ಪಾದರಸವು ವಿಷವಾದುದರಿಂದ, ೨೦೧೭ರಲ್ಲಿ ಜಾರಿಗೆ ಬಂದ ಮಿನಮಾತಾ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಂತರ ಅಂಥ ಉಪಕರಣಗಳನ್ನು ಕೈಬಿಡುತ್ತ ಬರುತ್ತಿದ್ದಾರೆ. ನಮ್ಮ ಪೆಟ್ಟಿಗೆಯೊಳಗೂ ಈಗ ವಿದ್ಯುತ್ತಿನಿಂದ ನಡೆಯುವವುಗಳನ್ನು ಇಟ್ಟಿದ್ದೇವೆ. ಸಾಧನ ಬದಲಾಯಿತು, ನೆರಳು, ಗಾಳಿ, ಸಮಯ ಇವುಗಳ ನಿಯಮ ಬದಲಾಗಲಿಲ್ಲ.

ವಾಯುಭಾರಮಾಪಕ

ಗಾಳಿಗೂ ಭಾರವಿದೆಯೆಂದು ಹೇಳಿದರೆ ಚಿಕ್ಕ ಮಕ್ಕಳು ನಗುತ್ತಾರೆ. ಆದರೆ ಇಟಲಿ ದೇಶದ ಬಾವಿಗಳಲ್ಲಿ ಪಂಪುಗಳು ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಎಳೆಯಲಾರವೆಂಬ ಸಂಗತಿಯೇ ಈ ಶೋಧಕ್ಕೆ ದಾರಿ ತೋರಿತು. ಟೊರಿಚೆಲ್ಲಿ ಎಂಬ ಪಂಡಿತರು ೧೬೪೩-೪೪ರ ಸುಮಾರಿನಲ್ಲಿ, ನೀರಿಗೆ ಬದಲಾಗಿ ಅದಕ್ಕಿಂತ ೧೩.೬ ಪಾಲು ಭಾರವಾದ ಪಾದರಸವನ್ನು ಒಂದು ಮೀಟರು ಉದ್ದದ ಗಾಜಿನ ಕೊಳವೆಯಲ್ಲಿ ತುಂಬಿ, ಪಾದರಸದ ಬೋಗುಣಿಯಲ್ಲಿ ಬೋರಲು ನಿಲ್ಲಿಸುವ ಪ್ರಯೋಗವನ್ನು ನಡೆಸಿದರು. ಪಾದರಸವು ಸ್ವಲ್ಪ ಇಳಿದು ಸುಮಾರು ೭೬ ಸೆಂಟಿಮೀಟರು ಎತ್ತರದಲ್ಲಿ ನಿಂತಿತು. ಅದನ್ನು ಹಿಡಿದು ನಿಲ್ಲಿಸಿದುದು ಹೊರಗಿನ ಗಾಳಿಯ ಭಾರ. ಫ್ರಾನ್ಸಿನ ಪಾಸ್ಕಲರ ಕೋರಿಕೆಯ ಮೇರೆಗೆ ಅವರ ಭಾವನವರಾದ ಪೆರಿಯೇ ಎಂಬವರು ೧೬೪೮ರಲ್ಲಿ ಇಂಥ ಕೊಳವೆಯೊಡನೆ ಪುಯಿ ದ ದೋಮ್ ಎಂಬ ಬೆಟ್ಟವನ್ನು ಹತ್ತಿದಾಗ, ಶಿಖರದಲ್ಲಿ ಪಾದರಸವು ಸುಮಾರು ೮ ಸೆಂಟಿಮೀಟರು ಇಳಿದಿತ್ತು. ಮೇಲಕ್ಕೆ ಹೋದಷ್ಟೂ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆಯೆಂಬುದು ಹೀಗೆ ಸಿದ್ಧವಾಯಿತು. ಮಂಗಳೂರಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಹತ್ತುವಾಗ ಕಿವಿ ಮುಚ್ಚಿದಂತಾಗುವುದಕ್ಕೂ ಕಾರಣ ಇದೇ.

ಒಂದೇ ಸ್ಥಳದಲ್ಲಿಯೂ ಈ ಭಾರವು ಸ್ಥಿರವಾಗಿರುವುದಿಲ್ಲ. ಸಮುದ್ರದ ಮೇಲೆ ಚಂಡಮಾರುತವು ಸಮೀಪಿಸಿದಾಗ ಅದು ಇಳಿಯುತ್ತದೆ. ಆದರೆ ಇಳಿತವನ್ನು ಕಂಡೊಡನೆ ಹೆದರತಕ್ಕದ್ದಲ್ಲ. ಉಷ್ಣಪ್ರದೇಶದಲ್ಲಿರುವ ನಮ್ಮಲ್ಲಿ ವಾಯುಭಾರವು ಪ್ರತಿದಿನವೂ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ: ಬೆಳಗ್ಗೆ ಮತ್ತು ರಾತ್ರಿ ಸುಮಾರು ಹತ್ತು ಗಂಟೆಗೆ ಹೆಚ್ಚು, ಸಂಜೆ ಮತ್ತು ನಸುಕಿನಲ್ಲಿ ಸುಮಾರು ನಾಲ್ಕು ಗಂಟೆಗೆ ಕಡಿಮೆ. ಈ ನಿತ್ಯದ ಉಸಿರಾಟವನ್ನು ಬಲ್ಲವರಿಗೆ ಮಾತ್ರ ಅಸಾಧಾರಣವಾದ ಇಳಿತವು ಗೊತ್ತಾಗುವುದು. ಒಂದೇ ಒಂದು ಅಂಕೆಯಿಂದ ಏನೂ ತಿಳಿಯದು. ನಿನ್ನೆಯ, ಮೊನ್ನೆಯ, ಹೋದ ವರ್ಷದ ಅಂಕೆಗಳು ಪಕ್ಕದಲ್ಲಿರಬೇಕು.

ಗಾಳಿಯ ದಿಕ್ಕೂ ವೇಗವೂ

ಕಂಬದ ತುದಿಯಲ್ಲಿ ತಿರುಗುವ ಬಾಣದ ಮೊನೆಯು ಗಾಳಿ ಹೋಗುವ ದಿಕ್ಕನ್ನಲ್ಲ, ಬರುವ ದಿಕ್ಕನ್ನು ತೋರಿಸುತ್ತದೆ. ನೈರುತ್ಯದಿಂದ ಬರುವ ಗಾಳಿಯನ್ನೇ ನೈರುತ್ಯ ಮಾರುತವೆನ್ನುತ್ತೇವೆ. ವೇಗವನ್ನು ಅಳೆಯಲು ಬಟ್ಟಲುಗಳನ್ನು ಜೋಡಿಸಿದ ಚಕ್ರವನ್ನು ಐರ್ಲೆಂಡಿನ ರಾಬಿನ್ಸನ್ ಎಂಬವರು ೧೮೪೬ರಲ್ಲಿ ಬಳಕೆಗೆ ತಂದರು. ಆಗ ಬಟ್ಟಲುಗಳು ನಾಲ್ಕು. ಈಗ ಸಾಮಾನ್ಯವಾಗಿ ಮೂರು. ಮರ ಮನೆಗಳ ಅಡ್ಡಿಯಿಲ್ಲದ ಬಯಲಿನಲ್ಲಿ ೧೦ ಮೀಟರು ಎತ್ತರದಲ್ಲಿ ಇವುಗಳನ್ನು ನಿಲ್ಲಿಸಬೇಕೆಂಬುದು ಲೋಕಸಮ್ಮತವಾದ ನಿಯಮ.

ಗಾಳಿಗೂ ವಾಯುಭಾರಕ್ಕೂ ಇರುವ ಸಂಬಂಧವನ್ನು ೧೮೫೭ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬವರು ಸೂತ್ರರೂಪವಾಗಿ ಹೇಳಿದರು. ಭೂಮಿಯ ಉತ್ತರಾರ್ಧದಲ್ಲಿ ಬೀಸುವ ಗಾಳಿಗೆ ಬೆನ್ನುಮಾಡಿ ನಿಂತರೆ, ಕಡಿಮೆ ವಾಯುಭಾರದ ಪ್ರದೇಶವು ನಮ್ಮ ಎಡಗಡೆಗಿರುವುದು. ಬಿರುಗಾಳಿಯ ನಡುವು ಯಾವ ಕಡೆಗಿದೆಯೆಂದು ಊಹಿಸಿ ಹಡಗನ್ನು ತಿರುಗಿಸಲು ಈ ಒಂದು ಸೂತ್ರವು ಎಷ್ಟೋ ನಾವಿಕರಿಗೆ ನೆರವಾಯಿತು.

ಅಳತೆಯಿಂದ ಮುನ್ಸೂಚನೆಗೆ

ಇಲ್ಲಿಯವರೆಗೆ ಹೇಳಿದ ಯಾವ ಉಪಕರಣವೂ ನಾಳೆಯ ಸಂಗತಿಯನ್ನು ಹೇಳುವುದಿಲ್ಲ. ಅವೆಲ್ಲ ಈ ಕ್ಷಣದ, ಈ ಸ್ಥಳದ ಸಾಕ್ಷಿಗಳು ಮಾತ್ರ. ಹಾಗಾದರೆ ಮುನ್ಸೂಚನೆ ಎಲ್ಲಿಂದ ಬಂತು? ಅನೇಕ ಸಾಕ್ಷಿಗಳನ್ನು ಒಂದೇ ಹೊತ್ತಿಗೆ ಒಂದೇ ಕಡೆಯಲ್ಲಿ ಕೂಡಿಸಿದುದರಿಂದ ಬಂತು.

೧೮೫೯ರ ಅಕ್ಟೋಬರ್ ಕೊನೆಯಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಆಸ್ಟ್ರೇಲಿಯಾದಿಂದ ಬರುತ್ತ, ಊರು ಸೇರಲು ಒಂದು ದಿನದ ದಾರಿಯೂ ಇಲ್ಲದಿರುವಾಗ, ವೇಲ್ಸ್ ಸೀಮೆಯ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ನಾನೂರಕ್ಕೂ ಹೆಚ್ಚು ಜನರು ಮಡಿದರು. ಆಗ ಬ್ರಿಟಿಷ್ ಸರಕಾರದ ಹವಾಮಾನ ವಿಭಾಗದ ಮುಖ್ಯಸ್ಥರಾಗಿದ್ದವರು ಫಿಟ್ಜ್‌ರಾಯ್; ಹಿಂದೆ ಡಾರ್ವಿನ್ನರನ್ನು ಕರೆದೊಯ್ದ ‘ಬೀಗಲ್’ ಹಡಗಿನ ಕಪ್ತಾನರೂ ಇವರೇ. ಕರಾವಳಿಯ ಹಲವು ಠಾಣೆಗಳಲ್ಲಿ ವಾಯುಭಾರವನ್ನೂ ಗಾಳಿಯನ್ನೂ ಅಳೆದು ತಂತಿಯ ಮೂಲಕ ಲಂಡನ್ನಿಗೆ ತರಿಸಿಕೊಂಡರೆ, ಬಿರುಗಾಳಿಯು ಮುಟ್ಟುವ ಮೊದಲೇ ಬಂದರುಗಳಿಗೆ ಸುದ್ದಿಯನ್ನು ಮುಟ್ಟಿಸಬಹುದೆಂದು ಅವರು ಕಂಡುಕೊಂಡರು. ೧೮೬೧ರಲ್ಲಿ ಎಚ್ಚರಿಕೆಯ ಸಂಕೇತಗಳನ್ನು ಬಂದರಿನ ಕಂಬಗಳಿಗೆ ಏರಿಸುವ ಪದ್ಧತಿ ಮೊದಲಾಯಿತು. ಅದೇ ವರ್ಷದ ಆಗಸ್ಟ್ ೧ರಂದು ‘ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಹವೆಯ ಮುನ್ಸೂಚನೆ ಅಚ್ಚಾಯಿತು. ಮುನ್ಸೂಚನೆ ತಪ್ಪಿದಾಗಲೆಲ್ಲ ಅವರನ್ನು ಹಳಿದವರು ಬಹಳ ಮಂದಿ. ೧೮೬೫ರಲ್ಲಿ ಅವರು ತೀರಿಕೊಂಡ ಬಳಿಕ ಎಚ್ಚರಿಕೆಗಳನ್ನು ನಿಲ್ಲಿಸಿಬಿಟ್ಟರು. ಆದರೆ ನಾವಿಕರ ಒತ್ತಾಯದಿಂದ ಸ್ವಲ್ಪ ಕಾಲದಲ್ಲಿಯೇ ಪುನಃ ಆರಂಭಿಸಬೇಕಾಯಿತು. ಸಮುದ್ರಕ್ಕೆ ಹೋಗುವವರಿಗೆ ಅವುಗಳ ಬೆಲೆ ಗೊತ್ತಿತ್ತು.

ನಮ್ಮ ದೇಶದಲ್ಲಿಯೂ ವಿಪತ್ತಿನಿಂದಲೇ ಪಾಠವಾಯಿತು. ೧೮೬೪ರಲ್ಲಿ ಕಲ್ಕತ್ತೆಯನ್ನು ಹೊಡೆದ ಚಂಡಮಾರುತದಲ್ಲಿ ಅನೇಕ ಸಾವಿರ ಜನರು ಸತ್ತರು. ೧೮೬೬ರಲ್ಲಿಯೂ ೧೮೭೧ರಲ್ಲಿಯೂ ಮಳೆ ತಪ್ಪಿತು. ಇವುಗಳ ಫಲವಾಗಿ ೧೮೭೫ರಲ್ಲಿ ಭಾರತ ಹವಾಮಾನ ಇಲಾಖೆಯು ಸ್ಥಾಪಿತವಾಗಿ, ಬೇರೆಬೇರೆ ಪ್ರಾಂತಗಳಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದ್ದ ಅಳತೆಗಳು ಒಂದೇ ಆಡಳಿತಕ್ಕೆ ಒಳಪಟ್ಟುವು.

ಈಗ ಅಳತೆಯು ನೆಲವನ್ನು ಬಿಟ್ಟು ಮೇಲಕ್ಕೂ ಹೋಗಿದೆ. ಮಂಗಳೂರು ಬೆಂಗಳೂರುಗಳೂ ಸೇರಿದಂತೆ ದೇಶದ ಅನೇಕ ಠಾಣೆಗಳಿಂದ ದೊಡ್ಡ ಬಲೂನುಗಳನ್ನು ಹಾರಿಸುವುದುಂಟು. ಲೋಕದಲ್ಲೆಲ್ಲ ಗೊತ್ತುಪಡಿಸಿದ ಅದರ ವೇಳೆಗಳು ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆ ೫-೩೦. ಬಲೂನಿಗೆ ಕಟ್ಟಿದ ಚಿಕ್ಕ ಪೆಟ್ಟಿಗೆಯು ಸುಮಾರು ೩೦ ಕಿಲೋಮೀಟರು ಎತ್ತರದವರೆಗೆ ಉಷ್ಣತೆ, ಆರ್ದ್ರತೆ, ವಾಯುಭಾರಗಳನ್ನು ಅಳೆಯುತ್ತ ರೇಡಿಯೋ ಮೂಲಕ ಸುದ್ದಿ ಕಳುಹಿಸುತ್ತದೆ. ಕಡೆಗೆ ಬಲೂನು ಒಡೆದು ಕೆಳಕ್ಕೆ ಬೀಳುತ್ತದೆ. ರಾಡಾರು ಎಂಬ ಯಂತ್ರವು ರೇಡಿಯೋ ಅಲೆಗಳನ್ನು ಕಳುಹಿಸಿ, ಮಳೆಹನಿಗಳಿಗೆ ತಾಗಿ ಹಿಂದಿರುಗಿದ ಅಲೆಯಿಂದ ಮಳೆಯಿರುವ ದೂರವನ್ನೂ ಅದು ಸರಿಯುವ ವೇಗವನ್ನೂ ತಿಳಿಸುತ್ತದೆ. ೨೦೧೩ರಲ್ಲಿ ಇನ್ಸಾಟ್-೩ಡಿ, ೨೦೧೬ರಲ್ಲಿ ಇನ್ಸಾಟ್-೩ಡಿಆರ್, ೨೦೨೪ರಲ್ಲಿ ಇನ್ಸಾಟ್-೩ಡಿಎಸ್ ಎಂಬ ಉಪಗ್ರಹಗಳನ್ನು ಸುಮಾರು ೩೬,೦೦೦ ಕಿಲೋಮೀಟರು ಎತ್ತರಕ್ಕೆ ಕಳುಹಿಸಲಾಯಿತು. ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರವು ನಮ್ಮ ಹಾಸನದಲ್ಲಿದೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಇವುಗಳೆಲ್ಲದರ ಅಂಕೆಗಳನ್ನು ಗಣಕಯಂತ್ರಗಳು ಸ್ವೀಕರಿಸಿ ಮುಂದಿನ ದಿನಗಳ ಲೆಕ್ಕವನ್ನು ಮಾಡುತ್ತವೆ. ೨೦೨೫ರಲ್ಲಿ ಆರಂಭವಾದ ಭಾರತ ಮುನ್ಸೂಚನಾ ವ್ಯವಸ್ಥೆಯಲ್ಲಿ ಭೂಮಿಯನ್ನು ಸುಮಾರು ೬ ಕಿಲೋಮೀಟರು ಬದಿಯ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತಾರೆ. ಆದರೆ ಈ ಲೆಕ್ಕವು ಎಷ್ಟು ನಾಜೂಕಾದುದೆಂಬುದನ್ನು ೧೯೬೧ರಲ್ಲಿ ಅಮೆರಿಕದ ಲೊರೆಂಜ್ ಎಂಬ ವಿಜ್ಞಾನಿಗಳು ಕಂಡರು. ಅವರು ಹವೆಯ ಒಂದು ಲೆಕ್ಕವನ್ನು ಯಂತ್ರದಿಂದ ಎರಡನೆಯ ಸಲ ಮಾಡಿಸುವಾಗ ೦.೫೦೬೧೨೭ ಎಂಬ ಅಂಕೆಯನ್ನು ೦.೫೦೬ ಎಂದು ಚಿಕ್ಕದಾಗಿ ಕೊಟ್ಟರು. ಮೊದಮೊದಲು ಎರಡು ಲೆಕ್ಕಗಳೂ ಕೂಡಿಯೇ ನಡೆದುವು; ಕ್ರಮೇಣ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಂತೆ ಬೇರೆಯಾದುವು. ಆರಂಭದ ಸಣ್ಣ ತಪ್ಪು ಮುಂದೆ ದೊಡ್ಡದಾಗಿ ಬೆಳೆಯುವುದೆಂಬುದು ಇದರಿಂದ ಸ್ಪಷ್ಟವಾಯಿತು.

ಅಣ್ಣಾ ಮಾಣಿಯವರು

ಸಣ್ಣ ತಪ್ಪನ್ನೂ ಸಹಿಸದೆ ಜೀವಮಾನವೆಲ್ಲ ದುಡಿದ ಒಬ್ಬ ಮಹಿಳೆಯ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ಅಣ್ಣಾ ಮಾಣಿಯವರು ೧೯೧೮ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಂದ ವಜ್ರದ ಓಲೆಗಳನ್ನು ಬೇಡವೆಂದು ವಿಶ್ವಕೋಶವನ್ನು ಕೇಳಿ ಪಡೆದರೆಂದು ಹೇಳುತ್ತಾರೆ. ಮದ್ರಾಸಿನಲ್ಲಿ ಭೌತಶಾಸ್ತ್ರವನ್ನು ಓದಿ, ೧೯೪೦ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ನರ ಕೈಕೆಳಗೆ ವಜ್ರ ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಶೋಧಿಸಿದರು. ಓಲೆಯಲ್ಲಿ ಬೇಡವೆಂದ ವಜ್ರವನ್ನು ಪ್ರಯೋಗಶಾಲೆಯಲ್ಲಿ ಕೈಗೆತ್ತಿಕೊಂಡರೆನ್ನಬಹುದು. ಅವರು ಒಪ್ಪಿಸಿದ ಪ್ರಬಂಧಕ್ಕೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ, ಡಾಕ್ಟರ್ ಪದವಿ ದೊರೆಯಲಿಲ್ಲ.

೧೯೪೫ರಲ್ಲಿ ಅವರು ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಭೌತಶಾಸ್ತ್ರವನ್ನು ಮುಂದುವರಿಸುವ ಆಶೆಯಿದ್ದರೂ ದೊರೆತ ಅವಕಾಶವು ಹವಾಮಾನದ ಉಪಕರಣಗಳ ಅಭ್ಯಾಸಕ್ಕೆ ಸಂಬಂಧಿಸಿದುದು. ಅದನ್ನೇ ಮನಸ್ಸಿಟ್ಟು ಕಲಿತು, ೧೯೪೮ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ಅದುವರೆಗೆ ಸಾಮಾನ್ಯ ಉಪಕರಣಗಳನ್ನು ಸಹ ಹೊರದೇಶಗಳಿಂದ ತರಿಸಬೇಕಾಗಿತ್ತು. ಅವರ ಮೇಲ್ವಿಚಾರಣೆಯಲ್ಲಿ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳು ಒಂದೇ ಪ್ರಮಾಣಕ್ಕೆ ತರಲ್ಪಟ್ಟು, ಅವುಗಳನ್ನು ಇಲ್ಲಿಯೇ ತಯಾರಿಸುವ ಕೆಲಸವು ನಡೆಯಿತು. ಕೊರಿಯಾದ ಮಳೆಪಾತ್ರೆಯ ಸಂದರ್ಭದಲ್ಲಿ ‘ಒಂದೇ ಅಳತೆಯ’ ಎಂಬ ಮಾತನ್ನು ಮರೆಯಬಾರದೆಂದು ಹೇಳಿದೆವಷ್ಟೆ. ಒಂದು ಊರಿನ ಮಾಪಕ ಒಂದು ರೀತಿಯಾಗಿಯೂ ಇನ್ನೊಂದು ಊರಿನದು ಬೇರೊಂದು ರೀತಿಯಾಗಿಯೂ ಹೇಳಿದರೆ, ನಕ್ಷೆಯಲ್ಲಿ ಇಲ್ಲದ ಬಿರುಗಾಳಿ ಹುಟ್ಟುವುದು, ಇರುವ ಬಿರುಗಾಳಿ ಮರೆಯಾಗುವುದು. ಮುಂದೆ ಅವರು ಸೂರ್ಯನ ಶಾಖವನ್ನೂ ಗಾಳಿಯ ಶಕ್ತಿಯನ್ನೂ ದೇಶದಲ್ಲೆಲ್ಲ ಅಳೆಯಿಸಿದರು. ಇಲಾ‌ಖೆಯ ಉಪಮಹಾನಿರ್ದೇಶಕರಾಗಿ ೧೯೭೬ರಲ್ಲಿ ನಿವೃತ್ತಿ ಹೊಂದಿ, ಬೆಂಗಳೂರಿನಲ್ಲಿಯೂ ಅದೇ ಕೆಲಸವನ್ನು ಮುಂದುವರಿಸಿ, ೨೦೦೧ರಲ್ಲಿ ತೀರಿಕೊಂಡರು.

ನಮ್ಮ ಮಳೆಪುಸ್ತಕದ ಒಂದು ಪುಟ

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ನಾವು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದು ವಸತಿಗೃಹದಲ್ಲಿ ವಾಸವಾಗಿದ್ದಾಗ, ಜುಲೈ ತಿಂಗಳ ಒಂದು ಭಾನುವಾರ ಮಳೆ ಅಳೆಯುವ ಸರದಿ ನಮ್ಮದಾಗಿತ್ತು. ಆ ಬೆಳಗ್ಗೆ ಮಳೆಯು ಬಿಡದೆ ಹೊಯ್ಯುತ್ತಿತ್ತು. ಹೊರಗೆ ಹೋಗಲು ಮನಸ್ಸಾಗದೆ, ಹಿಂದಿನ ದಿನದ ಅಂಕೆಯನ್ನು ನೋಡಿ, ಅದಕ್ಕೆ ಸಮೀಪವಾದ ‘೩೮’ ಎಂಬ ಅಂಕೆಯನ್ನು ಅಂದವಾದ ಅಕ್ಷರದಲ್ಲಿ ಬರೆದಿಟ್ಟೆವು. ಮಧ್ಯಾಹ್ನಕ್ಕೆ ಮಳೆ ನಿಂತಿತು. ರಾತ್ರಿ ನಕ್ಷತ್ರಗಳು ಕಾಣಿಸಿದುವು.

ಸೋಮವಾರ ಬೆಳಗ್ಗೆ ಸರದಿಯವಳು ಅಳೆದಾಗ ಶೀಸೆಯಲ್ಲಿ ೯೬ ಮಿಲಿಮೀಟರು ನೀರಿತ್ತು. ವಿಜ್ಞಾನದ ಟೀಚರು ಪುಸ್ತಕವನ್ನು ನೋಡಿ, “ಮಳೆ ನಿನ್ನೆ ಮಧ್ಯಾಹ್ನವೇ ನಿಂತಿತಲ್ಲ, ಇಷ್ಟು ನೀರು ಎಲ್ಲಿಂದ ಬಂತು?” ಎಂದು ಕೇಳಿದರು. ಅಳೆದು ಚೆಲ್ಲದೆ ಬಿಟ್ಟ ನೀರು ಅಲ್ಲಿಯೇ ಇದ್ದು ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾವು ಅಳುತ್ತ ಒಪ್ಪಿಕೊಂಡೆವು. ಅವರು ಬಯ್ಯಲಿಲ್ಲ, ಅಂಕೆಯನ್ನು ಉಜ್ಜಿ ಅಳಿಸಲಿಕ್ಕೂ ಬಿಡಲಿಲ್ಲ. ಮೊದಲಿನ ಬರಹ ಕಾಣುವಂತೆಯೇ ಅದರ ಮೇಲೆ ಒಂದೇ ಗೆರೆಯನ್ನು ಎಳೆಯಿಸಿ, ಪಕ್ಕದಲ್ಲಿ ‘ಅಳೆದಿಲ್ಲ’ ಎಂದು ಬರೆಯಿಸಿದರು. ಸೋಮವಾರದ ಎದುರಿಗೆ ‘ಎರಡು ದಿನಗಳ ಮೊತ್ತ ೯೬’ ಎಂದು ಸೇರಿಸಿದರು. ಬಳಿಕ, “ಬರೆಯದೆ ಬಿಟ್ಟಿದ್ದರೆ ಪುಸ್ತಕದಲ್ಲಿ ಒಂದು ದಿನದ ಕೊರತೆ ಮಾತ್ರ ಇರುತ್ತಿತ್ತು. ಸುಳ್ಳು ಬರೆದುದರಿಂದ ಉಳಿದ ದಿನಗಳ ಮೇಲೂ ಸಂಶಯ ಬಂತು” ಎಂದಷ್ಟೆ ಹೇಳಿದರು. ಆ ಪುಟವು ಇಂದಿಗೂ ಕಪಾಟಿನಲ್ಲಿದೆ. ಮಳೆ ಅಳೆಯುವ ಸರದಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ನಾವೇ ಅದನ್ನು ತೆಗೆದು ತೋರಿಸುತ್ತೇವೆ.

ಪ್ರಶ್ನೆಗೆ ಉತ್ತರ

ಆ ತಂದೆಯವರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೊಬೈಲಿನಲ್ಲಿ ಬರುವ ಸುದ್ದಿಯು ತಾನಾಗಿ ಹುಟ್ಟಿದುದಲ್ಲ. ಎಲ್ಲಿಯೋ ಯಾರೋ ಒಂದು ಉಪಕರಣವನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿ, ಸರಿಯಾದ ಹೊತ್ತಿಗೆ ಓದಿ, ಕಂಡುದನ್ನೇ ಬರೆದಿದ್ದಾರೆ. ಯಂತ್ರವೇ ಓದುವಲ್ಲಿಯೂ ಯಾರೋ ಒಬ್ಬರು ಅದರ ಧೂಳನ್ನು ಒರೆಸಿ ಸರಿನೋಡಿದ್ದಾರೆ. ೧೯೯೯ರಲ್ಲಿ ಒಡಿಶಾದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಸತ್ತರು. ೨೦೧೩ರಲ್ಲಿ ಫೈಲಿನ್ ಎಂಬ ಬಲವಾದ ಚಂಡಮಾರುತವು ಅದೇ ರಾಜ್ಯಕ್ಕೆ ಬಂದಾಗ, ಮುಂದಾಗಿ ತಿಳಿದುದರಿಂದ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಆದರೆ ೨೦೧೭ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವು ಬಹು ಬೇಗನೆ ಬಲಗೊಂಡಾಗ, ಅದಾಗಲೇ ದೂರ ಸಮುದ್ರಕ್ಕೆ ಹೋಗಿದ್ದ ಕೇರಳ ತಮಿಳುನಾಡುಗಳ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಅಳತೆ ಸರಿಯಾಗಿರಬೇಕು, ಲೆಕ್ಕ ಸರಿಯಾಗಿರಬೇಕು, ಸುದ್ದಿಯು ಹೊತ್ತಿಗೆ ಸರಿಯಾಗಿ ಬೋಟಿನವರೆಗೆ ತಲುಪಬೇಕು. ತಲುಪಿದ ಸುದ್ದಿಯನ್ನು ಕೇಳಿ ನಡೆಯಲೂ ಬೇಕು. ಈ ಸರಪಣಿಯಲ್ಲಿ ಯಾವ ಕೊಂಡಿ ಕಳಚಿದರೂ ಮನೆಯಲ್ಲಿ ಕಾಯುವವರು ಕಾಯುತ್ತಲೇ ಉಳಿಯುವರು.

ನಮ್ಮ ಶಾಲೆಯ ಮಾಪಕವು ಇಲಾಖೆಯ ಠಾಣೆಯಲ್ಲ. ಅದರ ಅಂಕೆಯಿಂದ ಯಾವ ಬಂದರಿಗೂ ಎಚ್ಚರಿಕೆ ಹೋಗುವುದಿಲ್ಲ. ಆದರೂ ನಮ್ಮ ಮಕ್ಕಳು ಪುಸ್ತಕದ ಒಂದು ಅಂಕಣದಲ್ಲಿ ನಿನ್ನೆ ಕೇಳಿದ ಮುನ್ಸೂಚನೆಯನ್ನೂ ಅದರ ಮಗ್ಗುಲಲ್ಲಿ ನಿಜವಾಗಿ ಬಿದ್ದ ಮಳೆಯನ್ನೂ ಬರೆಯುತ್ತಾರೆ. ಮುನ್ಸೂಚನೆಯನ್ನು ಕುರುಡಾಗಿ ನಂಬುವುದೂ ಒಮ್ಮೆ ತಪ್ಪಿತೆಂದು ಪೂರ್ತಿಯಾಗಿ ತಿರಸ್ಕರಿಸುವುದೂ ಸರಿಯಲ್ಲವೆಂದು ಅವರು ತಾವಾಗಿಯೇ ಕಲಿಯುತ್ತಾರೆ. ಮುಂದೆ ಅವರಲ್ಲಿ ಯಾರು ದಾದಿಯಾಗಿ ರೋಗಿಯ ಜ್ವರವನ್ನು ಅಳೆಯುವರೋ, ಯಾರು ಅಂಗಡಿಯ ಲೆಕ್ಕವನ್ನು ಬರೆಯುವರೋ ನಾವು ಹೇಳಲಾರೆವು. ಕಂಡುದನ್ನೇ ಬರೆಯುವ ಅಭ್ಯಾಸವು ಎಲ್ಲೆಲ್ಲಿಯೂ ಬೇಕಾಗುವುದು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಬದಿಗಳು ನೆಟ್ಟಗಿರುವ, ತಳ ಸಮವಾಗಿರುವ ಒಂದು ಡಬ್ಬಿಯನ್ನು ಮರಗಳಿಂದಲೂ ಮಾಡಿನಿಂದಲೂ ದೂರವಾಗಿ ಅಂಗಳದಲ್ಲಿಟ್ಟು, ಪ್ರತಿದಿನ ಬೆಳಗ್ಗೆ ಒಳಗಿನ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು ಬರೆದು ಚೆಲ್ಲುವಂತೆ ಮಕ್ಕಳಿಗೆ ಹೇಳಿರಿ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬರುವಾಗ ೮-೩೦ರೊಳಗೆ ಬಂದರೆ ಒಂದು ದಿನದ ಅಂಕೆಯನ್ನು ತಮ್ಮ ಕೈಯಿಂದಲೇ ಬರೆಯಬಹುದು. ಕಪಾಟಿನ ಹಳೆಯ ಪುಸ್ತಕಗಳಲ್ಲಿ ತಮ್ಮ ಬಾಲ್ಯದ ಅಕ್ಷರವನ್ನೂ ಕಾಣಬಹುದು.

ಆ ತಂದೆಯವರ ಮಗಳಿಗೆ ಮೊದಲ ಸರದಿ ಬಂದುದು ಸೆಪ್ಟೆಂಬರಿನಲ್ಲಿ, ಬೋಟುಗಳು ಪುನಃ ಸಮುದ್ರಕ್ಕೆ ಹೋಗುತ್ತಿದ್ದ ಕಾಲದಲ್ಲಿ. ಶೀಸೆಯನ್ನು ತೆಗೆದು ನೋಡಿದರೆ ಒಂದು ಹನಿಯೂ ಇರಲಿಲ್ಲ. ಅವಳು ಕಚೇರಿಗೆ ಬಂದು, “ಟೀಚರ್, ಏನೂ ಇಲ್ಲ. ಖಾಲಿ ಬಿಡಲೇ?” ಎಂದು ಕೇಳಿದಳು. ಬಿಡಬಾರದೆಂದು ಹೇಳಿದೆವು. ಖಾಲಿ ಜಾಗವೆಂದರೆ ಯಾರೂ ನೋಡಲಿಲ್ಲವೆಂದರ್ಥ. ಸೊನ್ನೆಯೆಂದರೆ ಒಬ್ಬಳು ಹೋಗಿ ನೋಡಿ ಬಂದಳೆಂದರ್ಥ. ಅವಳು ಹಿಂದಿರುಗಿ ಹೋಗಿ ಸೊನ್ನೆಯನ್ನು ಬರೆದು, ಕೆಳಗೆ ತನ್ನ ಹೆಸರನ್ನು ಹಾಕಿದಳು.